ರಕ್ತಕಣ ಇಳಿಯುವ ವೇಗ

ಗಂಟಲುಬೇನೆ ವಾಸಿಯಾಗಿ ಎರಡು ಮೂರು ವಾರಗಳಾದ ಮೇಲೆ ಮಗುವಿನ ಕೀಲುಗಳು ಒಂದಾದ ಮೇಲೊಂದು ಊದಿಕೊಂಡರೆ ವೈದ್ಯರು ರುಮ್ಯಾಟಿಕ್ ಜ್ವರವನ್ನು ಶಂಕಿಸಿ ರಕ್ತಪರೀಕ್ಷೆ ಮಾಡಿಸುವರು. ನೆಟ್ಟಗೆ ನಿಲ್ಲಿಸಿದ ಗಾಜಿನ ನಳಿಗೆಯಲ್ಲಿ ಕೆಂಪುಕಣಗಳು ಗಂಟೆಗೆ ಎಷ್ಟು ಮಿಲಿಮೀಟರು ಇಳಿದವೆಂಬ ಲೆಕ್ಕವೇ ಇ.ಎಸ್.ಆರ್. ಉರಿಯೂತವಿದ್ದಾಗ ಫೈಬ್ರಿನೋಜೆನ್ ಹೆಚ್ಚಿ, ಕಣಗಳು ನಾಣ್ಯಗಳ ಅಡಕಿನಂತೆ ಕೂಡಿಕೊಂಡು ಬೇಗ ಇಳಿಯುತ್ತವೆ. 2015ರ ಪರಿಷ್ಕೃತ ಜೋನ್ಸ್ ಸೂತ್ರದಂತೆ, ಈ ರೋಗ ಹೆಚ್ಚಾಗಿರುವ ನಾಡುಗಳಲ್ಲಿ 30 ಮಿ.ಮೀ. ಮುಟ್ಟಿದರೂ ಅದು ಗಣನೀಯ. 1930ರಲ್ಲಿ ಟಿಲೆಟ್, ಫ್ರಾನ್ಸಿಸ್ ಎಂಬವರು ಕಂಡುಹಿಡಿದ ಸಿ-ರಿಯಾಕ್ಟಿವ್ ಪ್ರೋಟೀನಾದರೋ ಬೇಗ ಏರಿ ಬೇಗ ಇಳಿಯುವುದು.

ಇವೆರಡೂ ಹೊಗೆಯನ್ನು ತೋರಿಸುತ್ತವೆ, ಬೆಂಕಿ ಯಾರ ಮನೆಯದೆಂದು ಹೇಳವು. ರಕ್ತಹೀನತೆಯೂ ಇ.ಎಸ್.ಆರ್. ಏರಿಸೀತು, ಹೃದಯವೇ ಸೋತಾಗ ಅಂಕೆ ತಗ್ಗಿ ಮೋಸಗೊಳಿಸೀತು! ತಡವಾಗಿ ಕಾಣಿಸಿಕೊಳ್ಳುವ, ಕೈಕಾಲು ತಾವಾಗಿ ಕುಣಿಯುವ ಕೊರಿಯಾದಲ್ಲಿ ಎರಡೂ ಸಹಜವಾಗಿರಬಹುದು. ಅಂಕೆ ಇಳಿಯಿತೆಂದು ಪೆನಿಸಿಲಿನ್ ಚುಚ್ಚುಮದ್ದನ್ನು ನಿಲ್ಲಿಸುವಂತಿಲ್ಲ. ಮತ್ತೊಂದು ಗಂಟಲುಬೇನೆಯಿಂದ ಜ್ವರ ಮರುಕಳಿಸಿ ಹೃದಯದ ಕವಾಟ ಇನ್ನಷ್ಟು ಕೆಟ್ಟೀತು.