ಲಿನಕ್ಸ್: ಹಿಟ್ಟು ಒಂದೇ, ಅಡುಗೆ ಹಲವು

ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇದೆ. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸದನ್ನು ಕೊಳ್ಳೋಣವೆಂದರೆ ಸಾವಿರಾರು ರೂಪಾಯಿಯ ಮಾತು. ತೊಂಡೇಬಾವಿಯಿಂದ ಗೌರಿಬಿದನೂರಿನ ಕಾಲೇಜಿಗೆ ಹೋಗಿಬರುವ ಮಗಳು ‘ಲಿನಕ್ಸ್ ಹಾಕಿಕೊಳ್ಳೋಣ, ದುಡ್ಡು ಬೇಡ’ ಎಂದರೆ ಪೋಷಕರು ಧಾರಾಳವಾಗಿ ಒಪ್ಪಬಹುದು. ಆದರೆ ಯಾವ ಲಿನಕ್ಸ್? ತೊಡಕು ಇರುವುದು ಇಲ್ಲೇ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ್ದು ಯಂತ್ರವನ್ನು ನಡೆಸುವ ತಿರುಳನ್ನು ಮಾತ್ರ. ಇದಕ್ಕೆ ‘ಕರ್ನೆಲ್’ ಎಂದು ಹೆಸರು. ಇದೊಂಥರಾ ನಮ್ಮ ರಾಗಿ ಹಿಟ್ಟು. ಹಿಟ್ಟನ್ನೇ ಯಾರೂ ಉಣ್ಣುವುದಿಲ್ಲವಲ್ಲ! ಒಬ್ಬರು ಮುದ್ದೆ ಮಾಡುತ್ತಾರೆ, ಇನ್ನೊಬ್ಬರು ರೊಟ್ಟಿ ತಟ್ಟುತ್ತಾರೆ. ಹಾಗೆಯೇ ಈ ತಿರುಳಿಗೆ ಬೇರೆ ತಂತ್ರಾಂಶಗಳನ್ನು ಸೇರಿಸಿ ಡೆಬಿಯನ್, ಫೆಡೋರಾ, ಉಬುಂಟು ಮುಂತಾದ ‘ವಿತರಣೆ’ಗಳನ್ನು ಸಿದ್ಧಪಡಿಸಿದ್ದಾರೆ. ಉಬುಂಟು ಕೂಡ ಡೆಬಿಯನ್‌ನಿಂದಲೇ ಹುಟ್ಟಿದ್ದು. ಮೂಲ ಸಂಕೇತ ಮುಕ್ತವಾಗಿರುವುದರಿಂದ ಇದಕ್ಕೆ ಯಾರ ಅಡ್ಡಿಯೂ ಇಲ್ಲ.

ಕೇರಳ ಸರ್ಕಾರ ಮಾಡಿದ್ದೂ ಇದನ್ನೇ. ಅಲ್ಲಿನ ‘ಕೈಟ್’ ಸಂಸ್ಥೆ ಉಬುಂಟುವನ್ನು ತೆಗೆದುಕೊಂಡು, ಗಣಿತ ಕಲಿಸುವ ಜಿಯೋಜೀಬ್ರಾದಂಥ ತಂತ್ರಾಂಶಗಳನ್ನು ಸೇರಿಸಿ, ಶಾಲೆಗಳಿಗೆಂದೇ ಒಂದು ಆವೃತ್ತಿ ಮಾಡಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಲಿನಕ್ಸ್‌ನಲ್ಲೇ. 2019ರಲ್ಲಿ ಬಂದ ಅದರ ಆವೃತ್ತಿಗೆ ಉಬುಂಟು 18.04 ಆಧಾರ.

18.04 ಎಂದರೆ 2018ನೇ ಇಸವಿಯ ನಾಲ್ಕನೇ ತಿಂಗಳು, ಅಷ್ಟೆ. ಉಬುಂಟುವಿನ ಮೊದಲ ಆವೃತ್ತಿ 2004ರ ಅಕ್ಟೋಬರಿನದು, ಹಾಗಾಗಿ 4.10. ಒಮ್ಮೆ ಕೆಲಸ ತಡವಾಗಿ 6.04 ಆಗಬೇಕಿದ್ದದ್ದು 6.06 ಆಯಿತು! ಅಂಕಿ ದೊಡ್ಡದಿದ್ದರೆ ಒಳ್ಳೆಯದೆಂದು ಮೋಸ ಹೋಗಬೇಡಿ. ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುವ, ‘ಎಲ್‌ಟಿಎಸ್’ ಎಂಬ ಗುರುತಿನ ಆವೃತ್ತಿಗೆ ಐದು ವರ್ಷ ಸುರಕ್ಷತಾ ಪರಿಷ್ಕರಣೆ ಸಿಗುತ್ತದೆ; 24.04ಕ್ಕೆ 2029ರವರೆಗೆ. ಉಳಿದವಕ್ಕೆ ಒಂಬತ್ತೇ ತಿಂಗಳು. 2023ರ ಅಕ್ಟೋಬರಿನ 23.10 ಮರುವರ್ಷ ಜುಲೈಗೇ ಮುಗಿಯಿತು. ಪರೀಕ್ಷೆಯ ನಡುವೆ ಈ ತಾಪತ್ರಯ ವಿದ್ಯಾರ್ಥಿಗೇಕೆ?

ಕಂಪ್ಯೂಟರಿನ ಮೆಮೊರಿ 4 ಜಿಬಿಗಿಂತ ಕಡಿಮೆಯಿದ್ದರೆ ಹಗುರವಾದ ಲುಬುಂಟು ಮೇಲು. ಅದರ ಎಲ್‌ಟಿಎಸ್ ಆಯುಸ್ಸು ಮಾತ್ರ ಮೂರು ವರ್ಷ. ಕಾಲೇಜಿನಲ್ಲಿ ಬೇಕಾಗುವ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಮೇಷ್ಟ್ರನ್ನು ಮೊದಲೇ ಕೇಳಿಕೊಳ್ಳಿ. ಪೆನ್‌ಡ್ರೈವಿನಿಂದಲೇ ನಡೆಸಿ ನೋಡುವ ಸೌಕರ್ಯವೂ ಇದೆ. ಹಿಡಿಸಿದರೆ, ಮನೆಯ ಫೋಟೋ, ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟ ನಂತರವೇ ಒಳಗೆ ಸ್ಥಾಪಿಸಿ.