ಕುದುರೆಯ ಮೂಗು ಹಿಡಿಯುವಂತಿಲ್ಲ

ಮಗುವಿನ ಮೂಗಿನಲ್ಲಿ ರಕ್ತ ಬಂದರೆ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಷ್ಟು ಹೊತ್ತೂ ಉಸಿರಾಡಲು ಬಾಯಿ ಇದ್ದೇ ಇದೆ. ರೇಸುಕುದುರೆಗೆ ಆ ಅನುಕೂಲವಿಲ್ಲ. ಅದರ ಮೆದು ಅಂಗುಳದ ರಚನೆಯೇ ಹಾಗಿದೆ, ಉಸಿರಾಟವೆಲ್ಲ ಮೂಗಿನಲ್ಲೇ ಆಗಬೇಕು. ಮೂಗು ಹಿಡಿದರೂ ರಕ್ತ ನಿಲ್ಲದು. ಓಟದ ಬಳಿಕ ಹೊಳ್ಳೆಯಿಂದ ಸೋರುವ ರಕ್ತ ಹೆಚ್ಚಾಗಿ ಬರುವುದು ಶ್ವಾಸಕೋಶದಿಂದ.

ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ 220 ಮುಟ್ಟುತ್ತದೆ. ಗುಲ್ಮ ತಾನು ಕೂಡಿಟ್ಟ ಕೆಂಪು ಕಣಗಳನ್ನು ರಕ್ತಕ್ಕೆ ಹಿಂಡುತ್ತದೆ. ಸ್ನಾಯುಗಳಿಗೆ ಆಮ್ಲಜನಕ ಧಾರಾಳವಾಗುತ್ತದೆ, ಆದರೆ ರಕ್ತವೂ ಮಂದವಾಗುತ್ತದೆ. ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಮೂರ್ನಾಲ್ಕು ಪಟ್ಟು ಏರುತ್ತದೆ. ಅಲ್ಲಿ ರಕ್ತ ಮತ್ತು ಗಾಳಿಯ ನಡುವಿನ ಪೊರೆಯ ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆ. ಒಂದು ಕಡೆಯಿಂದ ರಕ್ತ ನೂಕಿ, ಇನ್ನೊಂದು ಕಡೆಯಿಂದ ಉಸಿರು ಸೆಳೆದಾಗ ಸೂಕ್ಷ್ಮ ರಕ್ತನಾಳಗಳು ಬಿರಿಯುತ್ತವೆ.

ಹೊಳ್ಳೆಯವರೆಗೆ ರಕ್ತ ಬರುವುದು ಕೆಲವೇ ಕುದುರೆಗಳಲ್ಲಿ. ಓಟ ಮುಗಿದ ಮೇಲೆ ಎಂಡೋಸ್ಕೋಪ್ ಇಳಿಸಿ ನೋಡಿದರೆ ಅರ್ಧಕ್ಕೂ ಹೆಚ್ಚಿನವುಗಳ ಶ್ವಾಸನಾಳದಲ್ಲಿ ಕೆಂಪು ಗೆರೆ ಕಾಣುತ್ತದೆ.

ರಕ್ತ ಬಂದ ಕುದುರೆ ಸೋತೇ ಸೋಲುತ್ತದೆ ಎನ್ನುವಂತೆಯೂ ಇಲ್ಲ. 1867ರ ಇಂಗ್ಲೆಂಡಿನ ಡರ್ಬಿಗೆ ಕೆಲವೇ ದಿನ ಮೊದಲು ತಾಲೀಮಿನಲ್ಲಿ ಹರ್ಮಿಟ್ ಎಂಬ ಕುದುರೆಗೆ ರಕ್ತ ಸುರಿಯಿತು. ಬಾಜಿದಾರರು ಅದನ್ನು ಕೈಬಿಟ್ಟರು. ಡರ್ಬಿ ಗೆದ್ದದ್ದು ಅದೇ! ಅದರ ಎದುರು ಬಾಜಿ ಕಟ್ಟಿದ್ದ ಹೇಸ್ಟಿಂಗ್ಸ್‌ನ ಮಾರ್ಕ್ವಿಸ್ ಭಾರೀ ಸಾಲಕ್ಕೆ ಬಿದ್ದ.

ಅಮೆರಿಕದಲ್ಲಿ ಓಟಕ್ಕೆ ಸುಮಾರು ನಾಲ್ಕು ಗಂಟೆ ಮುಂಚೆ ರಕ್ತ ಬರದಿರಲೆಂದು ಫ್ಯೂರೋಸಮೈಡ್ ಎಂಬ ಔಷಧ ಚುಚ್ಚುವ ರೂಢಿ ದಶಕಗಳ ಕಾಲ ನಡೆದುಬಂತು. ಕುದುರೆ ಧಾರಾಳವಾಗಿ ಮೂತ್ರ ಮಾಡುತ್ತದೆ, ರಕ್ತದ ಒತ್ತಡ ತಗ್ಗುತ್ತದೆ. ಜೊತೆಗೆ ಮೈತೂಕವೂ ಇಳಿಯುವುದರಿಂದ ಇದು ಔಷಧದ ವೇಷದಲ್ಲಿ ಬಂದ ಲಾಭ ಎಂಬ ತಕರಾರಿದೆ, ಅದನ್ನು ತಳ್ಳಿಹಾಕುವಂತಿಲ್ಲ. 2021ರ ಕೆಂಟಕಿ ಡರ್ಬಿಯಲ್ಲಿ ಓಟದ ದಿನದ ಈ ಚುಚ್ಚುಮದ್ದಿಗೆ ಅವಕಾಶವಿರಲಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್ ಎಂಬ ಕುದುರೆ ಮೂಗಿಗೆ ಪಟ್ಟಿ ಅಂಟಿಸಿಕೊಂಡು ಓಡಿತ್ತು. ಆ ಪಟ್ಟಿ ಮೂಗಿನ ದಾರಿ ಕುಸಿಯದಂತೆ ತಡೆದು ಉಸಿರಿನ ಸೆಳೆತವನ್ನು ಕಡಿಮೆ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಎರಡೂ ಹೊಳ್ಳೆಗಳಲ್ಲಿ ರಕ್ತ ಕಂಡ ಕುದುರೆಗೆ ಮೂರು ತಿಂಗಳು ರೇಸಿಲ್ಲ. ಮತ್ತೊಮ್ಮೆ ಕಂಡರೆ ಇನ್ನೆಂದೂ ಇಲ್ಲ.

ಓಡದೆ ಲಾಯದಲ್ಲೇ ನಿಂತ ಕುದುರೆಗೆ ರಕ್ತ ಬಂದರೆ ಮಾತ್ರ ಕಾಯುವಂತಿಲ್ಲ. ಗಂಟಲ ಮೇಲ್ಭಾಗದ ಗಾಳಿಚೀಲದಲ್ಲಿ ಬೆಳೆದ ಶಿಲೀಂಧ್ರ ದೊಡ್ಡ ಅಪಧಮನಿಯನ್ನೇ ಕೊರೆದಿರಬಹುದು. ಮೊದಲು ತುಸುವೇ ಸೋರಿ ನಿಂತರೂ, ಆ ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚದಿದ್ದರೆ ಮುಂದಿನ ರಕ್ತಸ್ರಾವಕ್ಕೆ ಕುದುರೆ ಸಾಯಬಹುದು.