ಖಾಲಿ ಪೆಟ್ಟಿಗೆಯ ಕಾವಲುಗಾರ

ಸ್ಪ್ರಿಂಗ್‌ಫೀಲ್ಡ್ ಊರಿನ ಓಕ್ ರಿಡ್ಜ್ ಸ್ಮಶಾನದಲ್ಲಿ, ಅಬ್ರಹಾಂ ಲಿಂಕನ್ನರ ಗೋರಿಯ ಎದುರು ಒಂದು ದೊಡ್ಡ ಕಂಚಿನ ತಲೆ ಇದೆ. ಮುಖವೆಲ್ಲ ಕಪ್ಪಿಟ್ಟಿದೆ, ಮೂಗು ಮಾತ್ರ ಈಗಷ್ಟೇ ಹುಣಿಸೆಹಣ್ಣು ಹಾಕಿ ತಿಕ್ಕಿದ ದೇವರ ದೀಪದ ಹಾಗೆ ಫಳಫಳ ಹೊಳೆಯುತ್ತದೆ. ಮುಟ್ಟಿದರೆ ಅದೃಷ್ಟ ಖುಲಾಯಿಸುತ್ತದೆ ಎಂದು ಬಂದವರೆಲ್ಲ ಅದನ್ನು ಉಜ್ಜಿ ಹೋಗುತ್ತಾರೆ. ಎಟುಕದ ಮಕ್ಕಳನ್ನು ಅಪ್ಪಂದಿರು ಎತ್ತಿ ಹಿಡಿಯುತ್ತಾರೆ. ಈ ತಲೆಯನ್ನು ಮಾಡಿದ ಗಟ್ಜನ್ ಬೋರ್ಗ್ಲಮ್ ಮುಂದೆ ಮೌಂಟ್ ರಶ್ಮೋರ್ ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ ಮುಖ ಕಡೆದವರು. ಅಲ್ಲಿನ ಮೂಗುಗಳಿಗೆ ಯಾರ ಕೈಯೂ ಎಟುಕದು.

ನಾನು ಅಲ್ಲಿಗೆ ಹೋದದ್ದು ಮೂಗು ಉಜ್ಜಲಿಕ್ಕಲ್ಲ. ಶಿಕಾಗೊದಲ್ಲಿರುವ ತಂಗಿಯ ಮನೆಯಿಂದ ಮೂರೂವರೆ ಗಂಟೆಯ ದಾರಿ. ಎರಡೂ ಕಡೆ ದಿಗಂತದವರೆಗೆ ಮುಸುಕಿನ ಜೋಳ, ಅದು ಮುಗಿದರೆ ಸೋಯಾ, ಮತ್ತೆ ಜೋಳ. ಕಾರು ಓಡಿಸುತ್ತಿದ್ದ ತಂಗಿಯ ಗಂಡ ಅರ್ಧ ದಾರಿಯಲ್ಲಿ, "ಭಾವ, ಸ್ಮಶಾನ ನೋಡೋಕೆ ರಜಾ ಹಾಕಿಸಿದ್ದು ನೀವೊಬ್ರೇ ಇರಬೇಕು" ಎಂದರು. ಸ್ಮಶಾನಕ್ಕಿಂತ ಹೆಚ್ಚಾಗಿ ಅದನ್ನು ಕಾಯುತ್ತಿದ್ದ ಒಬ್ಬ ಮನುಷ್ಯನಿಗಾಗಿ ಬಂದಿದ್ದೇನೆ ಅಂದೆ. ಆತ ಸತ್ತು ನೂರಮೂವತ್ತು ವರ್ಷ ಆಗಿದೆ ಎಂಬುದನ್ನು ಮಾತ್ರ ಆಗ ಹೇಳಲಿಲ್ಲ.

ಸ್ಪ್ರಿಂಗ್‌ಫೀಲ್ಡ್ ಇಲಿನಾಯ್ ರಾಜ್ಯದ ರಾಜಧಾನಿ, ಸಂಗಮನ್ ಕೌಂಟಿಯ ಕೇಂದ್ರವೂ ಹೌದು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಹೆಸರು ಕೇಳಿದರೆ ಯಾವುದೋ ಎರಡು ನದಿ ಕೂಡುವ ಜಾಗ ಅನಿಸಬೇಕು, ಆದರೆ ಅದು ಒಂದೇ ನದಿಯ ಹೆಸರು. 1837ರಲ್ಲಿ ರಾಜಧಾನಿ ವಾಂಡೇಲಿಯಾದಿಂದ ಇಲ್ಲಿಗೆ ಬರಬೇಕೆಂದು ತೀರ್ಮಾನವಾಯಿತು. ಶಾಸನಸಭೆಯಲ್ಲಿ ಅದಕ್ಕಾಗಿ ಪಟ್ಟು ಹಿಡಿದವರು ಈ ಕೌಂಟಿಯ ಒಂಬತ್ತು ಜನ. ಎಲ್ಲರೂ ಆರಡಿ ಆಸುಪಾಸಿನ ಆಳುಗಳಾದ್ದರಿಂದ ಅವರಿಗೆ 'ಉದ್ದನೆಯ ಒಂಬತ್ತು ಮಂದಿ' ಎಂಬ ಅಡ್ಡಹೆಸರು ಬಿತ್ತು. ಎಲ್ಲರಿಗಿಂತ ಉದ್ದ ಇದ್ದವರು ಲಿಂಕನ್. ರಾಜಧಾನಿ ಬಂದ ಮೇಲೆ ರಾಜಕಾರಣಿಗಳು ಬಂದರು, ಬಂದವರು ಇಲ್ಲೇ ಸತ್ತರು. ಹೀಗಾಗಿ ಈ ಕೌಂಟಿಯ ಮಣ್ಣಿನಲ್ಲಿ ಗವರ್ನರುಗಳು, ಸೆನೆಟರುಗಳು, ಮೇಯರುಗಳು ಒತ್ತೊತ್ತಾಗಿ ಮಲಗಿದ್ದಾರೆ.

ಹೆಚ್ಚಿನವರು ಇರುವುದು ಓಕ್ ರಿಡ್ಜ್‌ನಲ್ಲೇ. 365 ಎಕರೆಯ ಜಾಗ. ಸುತ್ತೆಲ್ಲ ಚಪ್ಪಟೆ ಬಯಲಾದರೂ ಇಲ್ಲಿ ಮಾತ್ರ ನೆಲ ಏರಿ ಇಳಿದು, ಓಕ್ ಮರಗಳು ದಟ್ಟವಾಗಿವೆ. ನಕ್ಷೆ ಹಾಕಿದ ವಿಲಿಯಂ ಸಾಂಡರ್ಸ್ ಮುಂದೆ ಗೆಟಿಸ್‌ಬರ್ಗ್‌ನ ಯೋಧರ ಸ್ಮಶಾನವನ್ನೂ ರೂಪಿಸಿದರು. 1860ರ ಮೇ 24ರಂದು ಉದ್ಘಾಟನೆ. ಭಾಷಣ ಮಾಡಿದವರು ಜೇಮ್ಸ್ ಕಾಂಕ್ಲಿಂಗ್, ಊರಿನ ಹಿಂದಿನ ಮೇಯರ್, ಲಿಂಕನ್ನರ ಗೆಳೆಯ. ಅದಕ್ಕೆ ಆರು ದಿನ ಮೊದಲು ಲಿಂಕನ್ನರನ್ನು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೆಂದು ಶಿಕಾಗೊದಲ್ಲಿ ಘೋಷಿಸಿದ್ದರು. ಐದು ವರ್ಷದಲ್ಲಿ ಅದೇ ಗೆಳೆಯನನ್ನು ಇಲ್ಲಿಗೆ ಹೊತ್ತು ತರುತ್ತೇವೆಂದು ಆ ದಿನ ಯಾರು ತಾನೇ ಎಣಿಸಿದ್ದರು?

ಹೊತ್ತು ತಂದದ್ದೂ ಜಗಳವಿಲ್ಲದೆ ಅಲ್ಲ. ಊರ ಹಿರಿಯರು ಪೇಟೆಯ ನಡುವೆ, ಮೇದರ್ ಬ್ಲಾಕ್ ಎಂಬ ಒಳ್ಳೆಯ ಜಾಗ ಕೊಂಡು ಗೋರಿ ಕಟ್ಟಲು ಶುರುಮಾಡಿಬಿಟ್ಟಿದ್ದರು. ಮೇರಿ ಲಿಂಕನ್ ಒಪ್ಪಲಿಲ್ಲ. ಗಂಡನಿಗೆ ಓಕ್ ರಿಡ್ಜ್‌ನ ಮರಗಳ ನಡುವೆಯೇ ಜಾಗ ಆಗಬೇಕು, ಇಲ್ಲವಾದರೆ ದೇಹವನ್ನು ಬೇರೆ ಊರಿಗೆ ಒಯ್ಯುತ್ತೇನೆ ಎಂದು ಹಟ ಹಿಡಿದರು. ಇತಿಹಾಸ ಆಕೆಯನ್ನು ಮುಂಗೋಪಿ, ದುಂದುಗಾರ್ತಿ ಎಂದೆಲ್ಲ ಕರೆದಿದೆ. ಈ ವಿಷಯದಲ್ಲಿ ನಾನು ಪೂರ್ತಿ ಆಕೆಯ ಕಡೆ. ಆ ಪೇಟೆಯ ಜಾಗದಲ್ಲಿ ಈಗ ಶಾಸನಸಭೆಯ ಕಟ್ಟಡ ಇದೆ. ಒಪ್ಪಿದ್ದರೆ ಲಿಂಕನ್ ಇವತ್ತಿಗೂ ಅಧಿವೇಶನದ ಗದ್ದಲ ಕೇಳುತ್ತ ಮಲಗಿರಬೇಕಾಗಿತ್ತು.

117 ಅಡಿ ಎತ್ತರದ ಸ್ತಂಭದ ಗೋರಿ ಉದ್ಘಾಟನೆಯಾದದ್ದು 1874ರಲ್ಲಿ. ಅದೇ ವರ್ಷ ಅದರ ಮೊದಲ ಕಾವಲುಗಾರನಾಗಿ ಬಂದ ಜಾನ್ ಕ್ಯಾರಲ್ ಪವರ್ ಎಂಬವರೇ ನನ್ನ ಮನುಷ್ಯ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ತಿರುಗುವ ಜಾತಿಯಲ್ಲ. ಹಳೆಯ ಸಂಗತಿ ಕೆದಕುವ ಹುಚ್ಚಿನವರು. ಹೆಂಡತಿಯ ನೆರವಿನಿಂದ ಸಂಗಮನ್ ಕೌಂಟಿಯ ಮೊದಲ ವಲಸಿಗರ ವಂಶಾವಳಿಯನ್ನೆಲ್ಲ ಕಲೆಹಾಕಿ 1876ರಲ್ಲಿ ದಪ್ಪ ಪುಸ್ತಕ ತಂದಿದ್ದರು. ಕೌಂಟಿಯಲ್ಲಿ ಯಾರು ಯಾರ ಮಗ, ಎಲ್ಲಿಂದ ಬಂದರು, ಎಲ್ಲಿ ಮಣ್ಣಾದರು ಎಂಬುದೆಲ್ಲ ಅವರ ನಾಲಗೆ ತುದಿಯಲ್ಲಿ. ಅಂಥವರಿಗೆ ಅದೇ ವರ್ಷ, ಯಾರಿಗೂ ಹೇಳಬಾರದ ಒಂದು ಗುಟ್ಟು ಅಂಟಿಕೊಂಡಿತು.

1876ರ ನವೆಂಬರ್ 7. ಅಧ್ಯಕ್ಷ ಚುನಾವಣೆಯ ರಾತ್ರಿ. ಊರೆಲ್ಲ ಫಲಿತಾಂಶಕ್ಕೆ ಪೇಟೆಯಲ್ಲಿ ಸೇರಿರುತ್ತದೆ, ಸ್ಮಶಾನದ ಕಡೆ ನರಪಿಳ್ಳೆ ಸುಳಿಯುವುದಿಲ್ಲ ಎಂದು ಲೆಕ್ಕ ಹಾಕಿ ಶಿಕಾಗೊದ ಖೋಟಾನೋಟಿನ ತಂಡವೊಂದು ಗೋರಿಗೆ ನುಗ್ಗಿತು. ಅವರ ಅಚ್ಚು ಕೆತ್ತುವ ನಿಪುಣ ಬೆನ್ ಬಾಯ್ಡ್ ಜೈಲಿನಲ್ಲಿದ್ದ. ಲಿಂಕನ್ನರ ದೇಹ ಕದ್ದು ಇಂಡಿಯಾನಾದ ಮರಳ ದಿಬ್ಬಗಳಲ್ಲಿ ಹೂತಿಟ್ಟು, ಬಾಯ್ಡ್‌ನ ಬಿಡುಗಡೆ ಮತ್ತು ಎರಡು ಲಕ್ಷ ಡಾಲರ್ ಕೇಳುವುದು ಹಂಚಿಕೆ. ಒಂದು ಬೀಗ ಗರಗಸದಿಂದ ಕೊಯ್ದರು, ಅಮೃತಶಿಲೆಯ ಮುಚ್ಚಳ ಸರಿಸಿದರು, ಶವಪೆಟ್ಟಿಗೆಯನ್ನು ಒಂದಷ್ಟು ಹೊರಗೂ ಎಳೆದರು. ಆದರೆ ತಂಡದಲ್ಲಿ ಪಾಲು ಪಡೆದಿದ್ದ ಲೂಯಿಸ್ ಸ್ವೆಗಲ್ಸ್ ಸರಕಾರದ ಗುಪ್ತಚರ. ಗಾಡಿ ತರುತ್ತೇನೆಂದು ಹೊರಬಿದ್ದವನು ಒಳಗೆ ಪವರ್ ಜೊತೆ ಕತ್ತಲಲ್ಲಿ ಕುಳಿತಿದ್ದ ಪತ್ತೇದಾರರಿಗೆ ಸುದ್ದಿ ಮುಟ್ಟಿಸಿದ.

ಮುಂದಿನದು ನಮ್ಮ ಕಂಪನಿ ನಾಟಕದ ಹಾಸ್ಯ ದೃಶ್ಯ. ಸದ್ದಾಗಬಾರದೆಂದು ಪತ್ತೇದಾರರು ಬೂಟು ಕಳಚಿ ಕಾಲುಚೀಲದಲ್ಲೇ ಓಡಿದರು. ಓಡುವಾಗ ಒಬ್ಬನ ಪಿಸ್ತೂಲು ತಾನಾಗಿ ಢಂ ಎಂದಿತು. ಕಳ್ಳರು ಪರಾರಿ. ಕತ್ತಲಲ್ಲಿ ಪತ್ತೇದಾರರು ತಮ್ಮತಮ್ಮಲ್ಲೇ ಗುಂಡು ಹಾರಿಸಿಕೊಂಡರು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಹತ್ತು ದಿನದೊಳಗೆ ತಂಡದ ಟೆರೆನ್ಸ್ ಮುಲ್ಲೆನ್, ಜಾನ್ ಹ್ಯೂಸ್ ಶಿಕಾಗೊದ ಸೆರೆಯಂಗಡಿಯಲ್ಲಿ ಸಿಕ್ಕಿಬಿದ್ದರು. ಹೆಣ ಕದಿಯುವುದಕ್ಕೆ ತಕ್ಕ ಕಾನೂನು ಇಲ್ಲದ್ದರಿಂದ 75 ಡಾಲರ್ ಬೆಲೆಯ ಪೆಟ್ಟಿಗೆ ಕದಿಯಲು ಹೊರಟದ್ದಕ್ಕೆಂದು ಒಂದು ವರ್ಷ ಶಿಕ್ಷೆಯಾಯಿತು.

ಅದೇ ರಾತ್ರಿಯ ಎಣಿಕೆಯಲ್ಲಿ ಇಲಿನಾಯ್ ಗವರ್ನರ್ ಆಗಿ ಗೆದ್ದವರು ಶೆಲ್ಬಿ ಕಲಮ್. ಆಮೇಲೆ ಮೂವತ್ತು ವರ್ಷ ಸೆನೆಟರ್ ಆಗಿದ್ದು, ರೈಲು ಕಂಪನಿಗಳಿಗೆ ಮೂಗುದಾರ ಹಾಕಿದ 1887ರ ಅಂತರರಾಜ್ಯ ವಾಣಿಜ್ಯ ಕಾನೂನಿಗೆ ದುಡಿದರು. 1876ರ ಆ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟರ ಮಹಾಧಿವೇಶನದ ಅಧ್ಯಕ್ಷತೆ ವಹಿಸಿದ್ದವರು ಜಾನ್ ಮೆಕ್ಲೆರ್ನಂಡ್. ಕಲಮ್ ಓಕ್ ರಿಡ್ಜ್‌ನಲ್ಲಿದ್ದಾರೆ, ಮೆಕ್ಲೆರ್ನಂಡ್ ಕೂಡ. ಆ ಚುನಾವಣೆಯ ಗೆದ್ದ ಕಡೆಯವರೂ ಸೋತ ಕಡೆಯವರೂ, ಅಂದು ಕಳುವಾಗಲಿದ್ದವರೂ ಈಗ ಒಂದೇ ಬೇಲಿಯೊಳಗೆ.

ಕಳ್ಳತನ ತಪ್ಪಿತು, ಹೆದರಿಕೆ ತಪ್ಪಲಿಲ್ಲ. ಗೋರಿ ಕಟ್ಟಿಸಿದ ಸ್ಮಾರಕ ಸಂಘದ ಕಾರ್ಯಕಾರಿ ಸಮಿತಿಯ ಮುಖ್ಯಸ್ಥರಾಗಿದ್ದವರು ಜಾನ್ ಟಾಡ್ ಸ್ಟುವರ್ಟ್. ಬಡ ಲಿಂಕನ್ನರಿಗೆ ಕಾನೂನು ಪುಸ್ತಕ ಕೊಟ್ಟು ಓದಿಸಿ, ಮೊದಲ ಪಾಲುದಾರನನ್ನಾಗಿ ಮಾಡಿಕೊಂಡ ವಕೀಲರು. 1838ರಲ್ಲಿ ಸ್ಟೀಫನ್ ಡಗ್ಲಾಸ್‌ರನ್ನು ಬರೀ 36 ಮತಗಳಿಂದ ಸೋಲಿಸಿ ಕಾಂಗ್ರೆಸ್ಸಿಗೆ ಹೋದವರು. ಅಂತರ್ಯುದ್ಧದ ನಡುವೆ, 1862ರಲ್ಲಿ, ತಮ್ಮ ಶಿಷ್ಯನ ವಿರೋಧ ಪಕ್ಷದಿಂದಲೇ ನಿಂತು ಮತ್ತೆ ಗೆದ್ದಿದ್ದರು. ಆ ಸ್ಟುವರ್ಟ್ ಈಗ ಅರವತ್ತೊಂಬತ್ತರ ಮುದುಕ. ಶಿಷ್ಯನ ದೇಹ ಇನ್ನು ಮೇಲೆ ಅಲ್ಲಿರುವುದು ಬೇಡ ಎಂದರು. ನವೆಂಬರಿನ ಒಂದು ರಾತ್ರಿ ಪವರ್ ಮತ್ತು ಕೆಲವರು ಸೇರಿ, ಸೀಸದ ತೂಕದ ಆ ಪೆಟ್ಟಿಗೆಯನ್ನು ಹೊತ್ತು ಗೋರಿಯ ನೆಲಮಾಳಿಗೆಗೆ ಸಾಗಿಸಿದರು. ಅಮೃತಶಿಲೆಯ ಮುಚ್ಚಳವನ್ನು ಮೊದಲಿನಂತೆಯೇ ಗಾರೆ ಹಾಕಿ ಮುಚ್ಚಿದರು. ಪವರ್ ಕೆಳಗೆ ಗುಂಡಿ ತೋಡಿ ನೋಡಿದರು. ನೀರು ಬಂತು. ಕೊನೆಗೆ ಗೋರಿ ಕಟ್ಟುವಾಗ ಉಳಿದ ಹಲಗೆಗಳನ್ನು ಪೆಟ್ಟಿಗೆಯ ಮೇಲೆ ಪೇರಿಸಿಟ್ಟರು. ಗುಲಾಮರನ್ನು ಬಿಡಿಸಿದ ಅಧ್ಯಕ್ಷರು ಸೌದೆ ರಾಶಿಯ ಕೆಳಗೆ ಎರಡು ವರ್ಷ ಕಳೆದರು.

ಮೇಲುಗಡೆ ಜನ ಬರುತ್ತಲೇ ಇದ್ದರು. ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರು, ಬಿಡುಗಡೆಯಾದ ಕರಿಯ ಜನ, ಶಾಲೆಯ ಮಕ್ಕಳು. ಕಬ್ಬಿಣದ ಸರಳಿನಾಚೆಗಿನ ಬಿಳಿ ಪೆಟ್ಟಿಗೆ ನೋಡಿ ಟೋಪಿ ತೆಗೆದು ಕಣ್ಣೀರಿಟ್ಟರು. ಅದು ಖಾಲಿ ಎಂದು ಗೊತ್ತಿದ್ದ ಪವರ್ ಪಕ್ಕದಲ್ಲಿ ನಿಂತು ವಿವರಣೆ ಕೊಡುತ್ತಿದ್ದರು. ಒಂದು ದಿನವಲ್ಲ, ಹತ್ತು ವರ್ಷಕ್ಕೂ ಹೆಚ್ಚು. ಊರಲ್ಲಿ ಯಾರನ್ನು ಎಲ್ಲಿ ಹೂತಿದ್ದಾರೆಂದು ಪುಸ್ತಕ ಬರೆದ ಮನುಷ್ಯ, ಎಲ್ಲರೂ ಕೇಳುವ ಒಂದೇ ಒಂದು ವಿಳಾಸವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದು ನನಗೆ ಈ ಇಡೀ ಕೌಂಟಿಯ ಅತಿ ದೊಡ್ಡ ಕಥೆ ಅನಿಸುತ್ತದೆ.

ಹಾಗೆ ನೋಡಿದರೆ ಖಾಲಿ ಪೆಟ್ಟಿಗೆಗೆ ಕೈಮುಗಿಯುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ. ಮಗನ ಶಾಲೆಯ ಮೇಷ್ಟ್ರಿಗೆ ಲಿಂಕನ್ ಬರೆದರೆನ್ನುವ ಪತ್ರ ನಮ್ಮ ಎಷ್ಟು ಶಾಲೆಗಳ ಗೋಡೆಯ ಮೇಲಿಲ್ಲ! ಅವರೇ ಬರೆದದ್ದೆನ್ನಲು ಆಧಾರವೇ ಇಲ್ಲ. ನಾನು ಏಳನೇ ಕ್ಲಾಸಿನಲ್ಲಿ ಅದನ್ನು ಬಾಯಿಪಾಠ ಒಪ್ಪಿಸಿ ಸ್ಟೀಲ್ ಲೋಟ ಗೆದ್ದಿದ್ದೆ.

1878ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬರ ಶವ ನಿಜಕ್ಕೂ ಕಳುವಾದಾಗ ಪವರ್ ಮತ್ತೆ ಗಾಬರಿಯಾದರು. ನಂಬಿಗಸ್ತ ಗೆಳೆಯರನ್ನು ಕೂಡಿಸಿಕೊಂಡು ರಾತ್ರೋರಾತ್ರಿ ನೆಲಮಾಳಿಗೆಯಲ್ಲೇ ಆಳವಿಲ್ಲದ ಗುಂಡಿಯಲ್ಲಿ ಲಿಂಕನ್ನರ ಪೆಟ್ಟಿಗೆಯನ್ನು ಹೂತರು. ಈ ಗುಂಪು 1880ರಲ್ಲಿ 'ಲಿಂಕನ್ ಗೌರವ ರಕ್ಷಕರು' ಎಂಬ ಸಂಘವಾಯಿತು. 1882ರಲ್ಲಿ ತೀರಿಕೊಂಡ ಮೇರಿಯವರನ್ನೂ ಮಗ ರಾಬರ್ಟ್ ಕೇಳಿಕೊಂಡಂತೆ ಗುಟ್ಟಾಗಿ ಗಂಡನ ಪಕ್ಕಕ್ಕೆ ತಂದವರು ಇವರೇ. 1887ರಲ್ಲಿ ಇಬ್ಬರಿಗೂ ಇಟ್ಟಿಗೆಯ ಕೋಣೆ ಕಟ್ಟಿದರು. ಪವರ್ 1890ರಲ್ಲಿ ಎಲ್ಲವನ್ನೂ ಪುಸ್ತಕದಲ್ಲಿ ಬಿಚ್ಚಿಟ್ಟರು. ಆಗ ಎಷ್ಟು ಹಗುರಾಗಿರಬೇಡ ಆ ಜೀವ! 1894ರಲ್ಲಿ, ಕೆಲಸದಲ್ಲಿದ್ದಾಗಲೇ ತೀರಿಕೊಂಡರು.

ಕೊನೆಯ ಸಲ ಪೆಟ್ಟಿಗೆ ತೆರೆದದ್ದು 1901ರ ಸೆಪ್ಟೆಂಬರ್ 26. ರಾಬರ್ಟ್ ಅವರ ಆಜ್ಞೆಯಂತೆ ಹತ್ತಡಿ ಆಳದಲ್ಲಿ ಉಕ್ಕಿನ ಪಂಜರ ಇಳಿಸಿ, ಮೇಲೆ ಕಾಂಕ್ರೀಟ್ ಸುರಿಯುವುದಿತ್ತು. ಒಳಗಿರುವುದು ಲಿಂಕನ್ನರೇ ಹೌದಾ ನೋಡಿಬಿಡೋಣ ಎಂದು ಸೀಸದ ಹೊದಿಕೆಯನ್ನು ಕತ್ತರಿಸಿದರು. ನೋಡಿದವರು 23 ಜನ. ಅವರಲ್ಲೊಬ್ಬ, ತಂದೆ ಹೇಳಿಕಳಿಸಿದ್ದಕ್ಕೆ ಶಾಲೆ ಬಿಟ್ಟು ಸೈಕಲ್ ತುಳಿದು ಬಂದ ಹದಿಮೂರರ ಹುಡುಗ ಫ್ಲೀಟ್‌ವುಡ್ ಲಿಂಡ್ಲಿ. 1865ರಲ್ಲಿ ಬಳಿದ ಸೀಮೆಸುಣ್ಣದ ಪುಡಿಯಿಂದ ಮುಖ ಬೆಳ್ಳಗಿತ್ತು. ಹುಬ್ಬು ಉದುರಿದ್ದವು, ಗಡ್ಡ, ಕೆನ್ನೆಯ ನರುಳ್ಳೆ ಹಾಗೆಯೇ ಇದ್ದವು. ಪೆಟ್ಟಿಗೆ ಇಳಿಸುವ ಪಟ್ಟಿಗೆ ಹುಡುಗನೂ ಕೈಕೊಟ್ಟ. ಆಗ ಹೆದರಿಕೆ ಆಗಲಿಲ್ಲವಂತೆ, ಮುಂದಿನ ಆರು ತಿಂಗಳು ಮಲಗಿದರೆ ಸಾಕು ಆ ಮುಖವೇ ಬರುತ್ತಿತ್ತಂತೆ. ಆ 23 ಜನರಲ್ಲಿ ಕೊನೆಯವರಾಗಿ ಲಿಂಡ್ಲಿ ತೀರಿಕೊಂಡದ್ದು 1963ರಲ್ಲಿ. ಈಗ ಗೋರಿಯೊಳಗೆ ಕಾಣುವ ಕೆಂಪು ಕಲ್ಲು ಬರೀ ಗುರುತು, ದೇಹ ಅದರ ಕೆಳಗೆಲ್ಲೋ ಇದೆ. ಈಗಲೂ ಜನ ಟೋಪಿ ತೆಗೆಯುವುದು ಖಾಲಿ ಕಲ್ಲಿಗೇ.

ಉಳಿದವರ ಕಲ್ಲುಗಳ ಪಾಡು ಬೇರೆ. ಊರಿಗೆ ಮೇಯರ್ ಆಗಿ, ಆಮೇಲೆ ಲಿಂಕನ್ನರ ಜೀವನಚರಿತ್ರೆ ಬರೆದ ವಿಲಿಯಂ ಹರ್ನ್‌ಡನ್, ರಾಜ್ಯದ ಮೂರನೇ ಗವರ್ನರ್ ನಿನಿಯನ್ ಎಡ್ವರ್ಡ್ಸ್, ಅಧಿಕಾರದಲ್ಲಿದ್ದಾಗಲೇ ಸತ್ತ ಗವರ್ನರ್ ಬಿಸೆಲ್, ಎಲ್ಲರೂ ಇಲ್ಲೇ ಇದ್ದಾರೆ. ಪ್ರವಾಸಿಗರ ಬಸ್ಸು ಲಿಂಕನ್ನರ ಮುಂದೆ ನಿಂತು ಹಾಗೇ ತಿರುಗಿ ಹೋಗುತ್ತದೆ. ಹಳೆಯ ಅಮೃತಶಿಲೆ ಮಳೆಗೆ ಕರಗಿ ಸಕ್ಕರೆಯ ಹಾಗೆ ಪುಡಿಯಾಗುತ್ತದೆ, ಬೆರಳಿಟ್ಟರೆ ಅಕ್ಷರ ಕೈಗೆ ಬರುತ್ತದೆ. ಹೊಲಗಳ ನಡುವಿನ ಸಣ್ಣ ಮನೆತನದ ಸ್ಮಶಾನಗಳದ್ದು ಇನ್ನೂ ಕಷ್ಟ. ವಂಶಾವಳಿಯ ಹುಚ್ಚಿನ ಕೆಲವು ಸ್ಥಳೀಯರು ಕಲ್ಲಿನಿಂದ ಕಲ್ಲಿಗೆ ಹೋಗಿ ಬರಹ ನಕಲು ಮಾಡಿದ್ದಾರೆ. ಪವರ್ ದಂಪತಿಯ ಮೊಮ್ಮಕ್ಕಳೆಂದು ಅವರನ್ನು ಕರೆಯಬೇಕೆನಿಸುತ್ತದೆ. ನಮ್ಮಲ್ಲಿ ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕವಾದರೂ ಹೆದ್ದಾರಿಯಲ್ಲಿ ಹೋಗುವವರಿಗೆ ಗೊತ್ತು, ಆದರೆ ಮೈಸೂರು ರಾಜ್ಯದ ಮೊದಲ ಶಾಸನಸಭೆಯ ಸದಸ್ಯರೆಲ್ಲ ಎಲ್ಲಿ ಮಣ್ಣಾದರೆಂದು ಜಿಲ್ಲೆವಾರು ಬರೆದಿಟ್ಟ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ವಾಪಸು ಹೊರಡುವ ಮೊದಲು ವಾಯವ್ಯಕ್ಕೆ ಅರ್ಧ ಗಂಟೆಯ ದಾರಿಯ ಪ್ಲೆಸೆಂಟ್ ಪ್ಲೇನ್ಸ್ ಎಂಬ ಹಳ್ಳಿಗೆ ಹೋಗೋಣವೆಂದೆ. ತಂಗಿಯ ಗಂಡ ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ. ಅಲ್ಲಿರುವುದು ಪೀಟರ್ ಕಾರ್ಟ್‌ರೈಟ್ ಅವರ ಸಮಾಧಿ. ಕುದುರೆ ಮೇಲೆ ಊರೂರು ಸುತ್ತಿದ ಮೆಥಡಿಸ್ಟ್ ಪಾದ್ರಿ. ಗುಲಾಮಗಿರಿಯ ನೆಲದಲ್ಲಿ ಮಕ್ಕಳನ್ನು ಬೆಳೆಸಲಾರೆನೆಂದು ಕೆಂಟಕಿ ಬಿಟ್ಟು ಬಂದವರು. 1832ರಲ್ಲಿ ಶಾಸನಸಭೆಯ ನಾಲ್ಕು ಸ್ಥಾನಕ್ಕೆ ಹದಿಮೂರು ಜನ ನಿಂತಾಗ ಇವರು ಗೆದ್ದರು, ಇಪ್ಪತ್ಮೂರರ ಲಿಂಕನ್ ಎಂಟನೆಯವರಾಗಿ ಸೋತರು. ಜನರ ನೇರ ಮತದಲ್ಲಿ ಲಿಂಕನ್ ಸೋತದ್ದು ಆ ಒಂದೇ ಸಲ. 1846ರಲ್ಲಿ ಕಾಂಗ್ರೆಸ್ಸಿಗೆ ಇಬ್ಬರೂ ಎದುರುಬದುರಾದಾಗ ಲಿಂಕನ್ ತೀರಿಸಿಕೊಂಡರು. 1859ರಲ್ಲಿ ಕಾರ್ಟ್‌ರೈಟ್ ಅವರ ಮೊಮ್ಮಗನ ಮೇಲೆ ಕೊಲೆ ಆರೋಪ ಬಂದಾಗ ವಕಾಲತ್ತು ವಹಿಸಿ ಬಿಡಿಸಿಕೊಂಡು ಬಂದವರೂ ಅದೇ ಲಿಂಕನ್. ಮುದುಕ ಸಾಕ್ಷಿ ಕಟ್ಟೆಯಲ್ಲಿ, ಹಳೆಯ ಎದುರಾಳಿ ಅವರಿಗೆ ಪ್ರಶ್ನೆ ಕೇಳುತ್ತ ನಿಂತಿದ್ದರು.

ಬಿಸಿಲು ಇಳಿದಿತ್ತು. ನಾವಿದ್ದ ಅಷ್ಟೂ ಹೊತ್ತು ಬೇರೆ ಯಾರೂ ಬರಲಿಲ್ಲ.

"ಇವರು ಯಾರು ಭಾವ?"

"ಲಿಂಕನ್ನರನ್ನ ಸೋಲಿಸಿದವರು."

ಅವರು ಹತ್ತಿರ ಹೋಗಿ ಬಗ್ಗಿ ಹೆಸರು ಓದಿದರು. ಕರವಸ್ತ್ರ ತೆಗೆದು ಕಲ್ಲಿನ ಮೇಲಿದ್ದ ಒಣ ಎಲೆ ಕೊಡವಿದರು. ಕಾರು ಜೋಳದ ಹೊಲಗಳ ನಡುವೆ ಬಂದ ಮೇಲೆ, ಎಷ್ಟೋ ಹೊತ್ತಿನ ನಂತರ, "ಅವರಿಗೂ ಒಂದು ಮೂಗು ಮಾಡಿಸಿಡಬಹುದಿತ್ತು" ಎಂದರು.